ಮಾಲ್ಗುಡಿಯಲ್ಲಿ ಇಲ್ಲದ ಮುದುಕಿ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಕೊನೆ ಕೊಯ್ಲು ಮುಗಿದು, ಸುಲಿದು ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿ ಬಿಸಿಲಿಗೆ ತಿರುವಿ ಹಾಕುವುದೊಂದೇ ಈಗ ನನಗುಳಿದ ಉದ್ಯೋಗವಾದ್ದರಿಂದ, ಬಹಳ ದಿನಗಳ ಮೇಲೆ ಕಾಗದ ಬರೆಯುವಷ್ಟು ಬಿಡುವು ಸಿಕ್ಕಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ನಗಬಹುದು. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ನಾಲ್ಕು ಪ್ರಶ್ನೆ ಕೇಳುತ್ತೀಯ, ನಾನು ಐದನೆಯದಕ್ಕೆ ಉತ್ತರ ಹೇಳುತ್ತ ಕೂರುತ್ತೇನೆ, ವಿಷಯ ಅಲ್ಲಿಯೇ ಉಳಿದುಹೋಗುತ್ತದೆ.

ಹೋದ ಭಾನುವಾರ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ಎರಡೇ ರಾತ್ರಿಯಲ್ಲಿ ‘ಮಾಲ್ಗುಡಿ ಡೇಸ್’ನ ಸ್ವಾಮಿಯ ಕಂತುಗಳನ್ನೆಲ್ಲ ನೋಡಿ ಮುಗಿಸಿದ ನೀನು, “ಅಪ್ಪಾ, ಸ್ವಾಮಿ ಕಾಡಿನಲ್ಲಿ ದಾರಿ ತಪ್ಪಿದಾಗ ಬೆಲ್ಲ ನೀರು ಕೊಡುವ ಮುದುಕಿ ಯಾವ ಕಂತಿನಲ್ಲಿ ಬರುತ್ತಾಳೆ? ನನಗೆ ಸಿಗಲೇ ಇಲ್ಲ” ಎಂದೆ. ಅವಸರದಲ್ಲಿ ಓಡಿಸಿ ನೋಡಿರುತ್ತೀಯ, ಸರಿಯಾಗಿ ನೋಡು ಎಂದು ನಾನು ನಿನ್ನನ್ನೇ ಗದರಿಸಿದೆ. ಆಮೇಲೆ ನನಗೇ ಅನುಮಾನ ಬಂದು, ನಾಲ್ಕು ಸಂಜೆ ಕಂಪ್ಯೂಟರಿನ ಮುಂದೆ ಕುಳಿತು, ಒಂದು ನಿಮಿಷವನ್ನೂ ಬಿಡದೆ ನೋಡಿದೆ. ಮುದುಕಿ ಬರಲಿಲ್ಲ. ನೀನು ಸಣ್ಣವಳಿದ್ದಾಗ ಎಷ್ಟೋ ರಾತ್ರಿ ನಾನು ನಿನಗೆ ಹೇಳಿದ, ಮೂವತ್ತೆಂಟು ವರ್ಷ ನಾನೇ ಕಣ್ಣಾರೆ ಕಂಡಿದ್ದೇನೆಂದು ನಂಬಿಕೊಂಡಿದ್ದ ಆ ಮುದುಕಿ ಆ ಧಾರಾವಾಹಿಯಲ್ಲಿ ಎಲ್ಲಿಯೂ ಇಲ್ಲ. ಅವಳು ಎಲ್ಲಿಂದ ಬಂದಳು ಎಂಬುದನ್ನು ಹೇಳುವುದಕ್ಕೇ ಈ ಕಾಗದ.

ನಮ್ಮ ಊರಿಗೆ ಮೊದಲು ಟಿ.ವಿ. ಬಂದದ್ದು ಮೇಲಿನ ಮನೆಗೆ. ಅದು ಕಪ್ಪು ಬಿಳುಪಿನ ಸಣ್ಣ ಪೆಟ್ಟಿಗೆ. ಮರದ ಕವಚಕ್ಕೆ ಎರಡೂ ಕಡೆಯಿಂದ ಎಳೆಯುವ ಬಾಗಿಲಿತ್ತು. ಕಾರ್ಯಕ್ರಮ ಮುಗಿದೊಡನೆ ಮೇಲಿನ ಮನೆಯ ದೊಡ್ಡಮ್ಮ ಅದನ್ನು ಎಳೆದು, ಮೇಲೊಂದು ಕಸೂತಿ ಬಟ್ಟೆ ಹೊದಿಸುತ್ತಿದ್ದಳು. ಆಂಟೆನಾ ತಿರುಗಿಸಿದ ಕತೆ, ಪರದೆಯ ಮೇಲೆ ಇರುವೆ ಹರಿದಾಡಿದ ಕತೆ, ರಾಮಾಯಣದ ದಿನ ಟಿ.ವಿ.ಗೆ ಹೂ ಏರಿಸಿದ ಕತೆ, ಇವನ್ನೆಲ್ಲ ನನ್ನ ವಯಸ್ಸಿನವರು ಬರೆದು ಬರೆದು ಸವಕಲು ಮಾಡಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ನಿನಗೆ ತಿಳಿದಿರಬೇಕಾದದ್ದು ಇಷ್ಟು: 1983ರಲ್ಲಿ ಮೇಲೇರಿದ ಇನ್ಸಾಟ್ 1ಬಿ ಉಪಗ್ರಹದ ದೆಸೆಯಿಂದ ಸಣ್ಣ ಊರುಗಳಲ್ಲೆಲ್ಲ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಎದ್ದವು, ಅವು ಬಹುಪಾಲು ದೆಹಲಿಯ ಕಾರ್ಯಕ್ರಮವನ್ನೇ ಹಿಡಿದು ಹಾಗೆಯೇ ಬಿಡುತ್ತಿದ್ದವು. ಬೆಂಗಳೂರು ದೂರದರ್ಶನ 1981ರಲ್ಲಿಯೇ ಶುರುವಾಗಿದ್ದರೂ ಅದರ ಕನ್ನಡ ನಮ್ಮಂಥ ಮೂಲೆಗಳನ್ನು ತಲುಪಲು ವರ್ಷಗಳು ಹಿಡಿದವು. ಹೀಗಾಗಿ ಮಲೆನಾಡಿನ ಅಡಿಕೆ ತೋಟದ ನಡುವೆ ಕುಳಿತ ನಾವು ಮೊದಲು ಕಂಡ ಟಿ.ವಿ. ಹಿಂದಿಯಲ್ಲಿ ಮಾತಾಡುತ್ತಿತ್ತು.

ಇದರಲ್ಲೊಂದು ತಮಾಷೆಯಿದೆ. ರಾಯಚೂರಿನ ನಿನ್ನ ತಾತ ನಮಗಿಂತ ಹತ್ತು ವರ್ಷ ಮೊದಲೇ ಕನ್ನಡದಲ್ಲಿ ಟಿ.ವಿ. ನೋಡಿದ್ದರು! 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ದೇಶದ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತೋರಿಸುವ ಪ್ರಯೋಗ ನಡೆಯಿತು. ನಮ್ಮ ರಾಜ್ಯದಲ್ಲಿ ಅದು ನಡೆದದ್ದು ಬೆಂಗಳೂರು ಮೈಸೂರುಗಳಲ್ಲಲ್ಲ. ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಕೋಳಿಗೂಡಿಗೆ ಹೊಡೆಯುವ ಜಾಲರಿಯಿಂದ ಮಾಡಿದ ದೊಡ್ಡ ತಟ್ಟೆಯಂಥ ಆಂಟೆನಾವನ್ನು ಶಾಲೆಯ ಬಳಿ ನಿಲ್ಲಿಸಿದ್ದರೆಂದೂ, ಅದನ್ನು ನೋಡುವುದಕ್ಕೇ ಪಕ್ಕದ ಊರಿನವರು ಬರುತ್ತಿದ್ದರೆಂದೂ ತಾತ ಹೇಳುತ್ತಿದ್ದರು. ಹಿಂದುಳಿದ ಜಿಲ್ಲೆಯವರೆಂದು ಯಾರಾದರೂ ನಿನ್ನ ಅಮ್ಮನನ್ನು ರೇಗಿಸಿದರೆ ಇದನ್ನು ಹೇಳು.

ನಮ್ಮ ಮನೆಯ ಮಾತಿಗೆ ಬರುತ್ತೇನೆ. ನನ್ನ ಅಜ್ಜಿ, ಎಂದರೆ ನಿನ್ನ ಮುತ್ತಜ್ಜಿ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹಿಂದಿಯ ಗಂಧವೂ ಅವಳಿಗಿರಲಿಲ್ಲ. ಆದರೆ ತಾಳಮದ್ದಳೆಯ ಹುಚ್ಚು ವಿಪರೀತ. ಮಳೆಗಾಲದ ರಾತ್ರಿಗಳಲ್ಲಿ ಯಾರ ಮನೆಯ ಜಗಲಿಯಲ್ಲಿ ಕೂಟವಿದ್ದರೂ ಕಂಬಳಿ ಹೊದ್ದು ಹೋಗಿ ಬೆಳಗಿನವರೆಗೆ ಕೂತು ಬರುತ್ತಿದ್ದಳು. ತಾಳಮದ್ದಳೆಯ ಕ್ರಮ ನಿನಗೆ ಗೊತ್ತಲ್ಲ. ಭಾಗವತರು ನಾಲ್ಕು ಸಾಲಿನ ಪದ್ಯ ಹಾಡುತ್ತಾರೆ, ಅರ್ಥಧಾರಿ ಅದನ್ನು ಹಿಡಿದು ಅರ್ಧ ಗಂಟೆ ಮಾತಾಡುತ್ತಾನೆ, ಪದ್ಯದಲ್ಲಿ ಇಲ್ಲದ್ದನ್ನೂ ಪದ್ಯಕ್ಕೆ ಒಪ್ಪುವ ಹಾಗೆ ಕಟ್ಟುತ್ತಾನೆ. ಟಿ.ವಿ.ಯನ್ನು ಅಜ್ಜಿ ನೋಡಿದ್ದು ಹೀಗೆಯೇ ಎಂದು ನನಗೆ ಈಗ ಅನ್ನಿಸುತ್ತದೆ. ಪರದೆಯ ಮೇಲಿನ ಹಿಂದಿ ಅವಳ ಪಾಲಿಗೆ ಪದ್ಯವಾಗಿತ್ತು, ಅರ್ಥ ಹೇಳುವುದು ತನ್ನ ಕೆಲಸವೆಂದು ಅವಳು ತಿಳಿದಿದ್ದಳು.

ಆ ಕೆಲಸ ನಡೆಯುತ್ತಿದ್ದದ್ದು ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಹತ್ತು ಹದಿನೈದು ಹೆಂಗಸರು ಗ್ಯಾಸ್‌ಲೈಟಿನ ಸುತ್ತ ಮೆಟ್ಟುಗತ್ತಿಗಳ ಮುಂದೆ ಕೂರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಮೇಲಿನ ಮನೆಯ ಜಗಲಿ ಹತ್ತಿ ಟಿ.ವಿ. ನೋಡುವ ಪದ್ಧತಿ ಇರಲಿಲ್ಲ; ಅಂಗಳದಲ್ಲಿ ನಿಂತು ಕಿಟಕಿಯಿಂದ ಕಂಡಷ್ಟು ಕಾಣಬೇಕಿತ್ತು. ಈ ಮಾತನ್ನು ಬರೆಯದೆ ಬಿಟ್ಟರೆ ಹಳೆಯ ಕಾಲವನ್ನು ಸುಳ್ಳೇ ಚಂದಗಾಣಿಸಿದ ಹಾಗಾಗುತ್ತದೆ, ಅದಕ್ಕೇ ಬರೆದೆ. ಊರಿಗೆಲ್ಲ ಒಂದೇ ಟಿ.ವಿ. ಇತ್ತು, ಊರೆಲ್ಲ ಒಟ್ಟಾಗಿ ನೋಡಿತು ಎಂಬುದು ಅರ್ಧ ಮಾತ್ರ ನಿಜ. ಒಳಗೆ ಕುಳಿತವರು, ಹೊಸಿಲ ಬಳಿ ನಿಂತವರು, ಕಿಟಕಿಯ ಹೊರಗಿನವರು ಎಂದು ಅದಕ್ಕೂ ಲೆಕ್ಕವಿತ್ತು. ಕಿಟಕಿಯ ಹೊರಗಿದ್ದವರಿಗೆ ಅಜ್ಜಿ ಅಡಿಕೆ ಸುಲಿಯುತ್ತ ಪೂರ್ತಿ ಕಂತನ್ನು ಕನ್ನಡದಲ್ಲಿ ಹೇಳುತ್ತಿದ್ದಳು.

1987ರ ಜನವರಿ 25ರಂದು ರಮಾನಂದ ಸಾಗರರ ರಾಮಾಯಣ ಶುರುವಾಯಿತು. ಅದು ಅಜ್ಜಿಗೆ ಕಷ್ಟವೇ ಆಗಲಿಲ್ಲ. ಅಲ್ಲಿನ ಹಿಂದಿಯಲ್ಲಿ ಸಂಸ್ಕೃತದ ಮಾತು ಎಷ್ಟೊಂದಿತ್ತೆಂದರೆ ವಚನ, ಆಜ್ಞೆ, ಪ್ರಾಣ, ಮಾತೆ ಎಂದು ಕಿವಿಗೆ ಬಿದ್ದ ತುಣುಕುಗಳನ್ನು ಹಿಡಿದುಕೊಂಡೇ ಅವಳು ದಾಟಿಬಿಡುತ್ತಿದ್ದಳು. ಉಳಿದದ್ದಕ್ಕೆ ಹೇಗೂ ಕತೆ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾದದ್ದೂ ಉಂಟು. ಕೈಕೇಯಿಯ ಪ್ರಸಂಗದಲ್ಲಿ ಮಾತು ಸಾಲದು, ನಮ್ಮ ಕಡೆಯ ಅರ್ಥಧಾರಿಗಳಾಗಿದ್ದರೆ ದಶರಥನ ಬಾಯಿ ಕಟ್ಟಿಹೋಗುವ ಹಾಗೆ ವಾದ ಹೂಡುತ್ತಿದ್ದರು ಎಂದು ಅವಳ ದೂರು. ಮುಂದಿನ ವರ್ಷ ಅಕ್ಟೋಬರಿನಲ್ಲಿ ಬಿ.ಆರ್. ಚೋಪ್ರಾ ಅವರ ಮಹಾಭಾರತ ಬಂದಾಗ, ತಿರುಗುವ ಚಕ್ರದ ಹಿಂದಿನಿಂದ ‘ಸಮಯ’ ಮಾತಾಡುತ್ತದಲ್ಲ, ಹರೀಶ್ ಭಿಮಾನಿ ಅವರ ಆ ದನಿಯನ್ನು ಕೇಳಿದ ಮೊದಲ ದಿನವೇ ಅಜ್ಜಿ, “ಭಾಗವತರು ಇವರು. ಎದುರಿಗೆ ಕೂರುವುದಿಲ್ಲ, ಅಷ್ಟೇ” ಎಂದು ತೀರ್ಮಾನ ಕೊಟ್ಟಳು. ನಾವು ಹುಡುಗರು ಆರು ತಿಂಗಳು ಅಪ್ಪನನ್ನು ‘ಪಿತಾಶ್ರೀ’ ಎಂದು ಕರೆದು ಬೈಸಿಕೊಂಡೆವು.

ಅವಳಿಗೆ ನಿಜವಾದ ಸವಾಲು ಬಂದದ್ದು ಇವೆರಡಕ್ಕೂ ಮೊದಲು, ‘ಮಾಲ್ಗುಡಿ ಡೇಸ್’ನಲ್ಲಿ. ಅದರ ಹಿಂದಿ ಮನೆಮಾತಿನ ಹಿಂದಿ, ಸಂಸ್ಕೃತದ ಊರುಗೋಲು ಅಲ್ಲಿ ಸಿಗುತ್ತಿರಲಿಲ್ಲ. ಕತೆಯೂ ಅವಳು ಕೇಳಿದ್ದಲ್ಲ. ಆದರೆ ಊರು ಮಾತ್ರ ಅವಳು ಕಂಡದ್ದೇ! ಶಂಕರ್ ನಾಗ್ ಅದನ್ನು ಚಿತ್ರಿಸಿದ್ದು ನಮ್ಮದೇ ತಾಲ್ಲೂಕಿನ ಆಗುಂಬೆಯಲ್ಲಿ. ಕಲಾ ನಿರ್ದೇಶಕ ಜಾನ್ ದೇವರಾಜ್ ಆಗುಂಬೆಯ ಬೀದಿಯನ್ನು ಮಾಲ್ಗುಡಿಯಾಗಿ ಮಾಡಿದ್ದರು. ಅಲ್ಲಿನ ದೊಡ್ಡಮನೆಯೇ ಸ್ವಾಮಿಯ ಮನೆಯಾಯಿತು. ನಂಟಸ್ತಿಕೆಯ ಮನೆಗೆ ಮದುವೆ ಮುಂಜಿಗೆಂದು ಹೋದಾಗ ತಾನು ನಡೆದಾಡಿದ ಬೀದಿಯಲ್ಲಿ ಗಿರೀಶ್ ಕಾರ್ನಾಡರು ಸ್ವಾಮಿಯ ಅಪ್ಪನಾಗಿ ಕೋಟು ಹಾಕಿಕೊಂಡು ಹಿಂದಿಯಲ್ಲಿ ಗದರಿಸುವುದನ್ನು ನೋಡಿ ಅಜ್ಜಿ ಕಕ್ಕಾಬಿಕ್ಕಿಯಾದಳು. “ನಮ್ಮ ಆಗುಂಬೆಯವರು ಹಿಂದಿ ಕಲಿತದ್ದು ಯಾವಾಗ ಮಾರಾಯ?” ಎಂದು ಅವಳು ಕೇಳಿದ್ದು ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿದಿದೆ, ನೀನು ಹಿಂದಿಯಲ್ಲಿ ತೊಂಬತ್ತು ಅಂಕ ತೆಗೆದ ದಿನ ನಾನು ಹೇಳಿದ ಮಾತು ಇದೇ, ನಿನಗೆ ಆಗ ಅರ್ಥವಾಗಿರಲಿಲ್ಲ.

ಅಜ್ಜಿಯ ಪ್ರಶ್ನೆಯಲ್ಲಿ ಹುರುಳಿತ್ತು. ಮೈಸೂರಿನ ಯಾದವಗಿರಿಯಲ್ಲಿ ಮನೆ ಕಟ್ಟಿಕೊಂಡಿದ್ದ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕತೆಗಳನ್ನು, ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದ ರೇಖಾಚಿತ್ರಗಳೊಂದಿಗೆ, ಎಲ್. ವೈದ್ಯನಾಥನ್ ಅವರ ಸಂಗೀತದೊಂದಿಗೆ, ಕನ್ನಡದ ನಿರ್ದೇಶಕ ಕನ್ನಡದ ಊರಿನಲ್ಲಿ ಬಹುಪಾಲು ಕನ್ನಡದ ನಟರನ್ನು ಕಟ್ಟಿಕೊಂಡು ತೆಗೆದರೂ, ಅದು ನಮಗೆ ತಲುಪಿದ್ದು ಹಿಂದಿಯಲ್ಲಿ. ಸ್ವಾಮಿಯಾದ ಮಾಸ್ಟರ್ ಮಂಜುನಾಥ್, ಅವನ ಅಮ್ಮನಾದ ವೈಶಾಲಿ ಕಾಸರವಳ್ಳಿ ಎಲ್ಲರೂ ನಮ್ಮವರೇ. ದೇಶಕ್ಕೆಲ್ಲ ತೋರಿಸುವಂಥದ್ದನ್ನು ಹಿಂದಿಯಲ್ಲಿ ಮಾಡದೆ ಆಗ ಗತಿಯಿರಲಿಲ್ಲ ಎಂಬುದು ನನಗೂ ಗೊತ್ತು, ಶಂಕರ್ ನಾಗ್ ಅವರ ಮೇಲೆ ನನಗೆ ದೂರೂ ಇಲ್ಲ. ಆದರೂ ನನಗೆ ಒಂದು ಲಾಭವಿತ್ತು. ಪಟ್ಟಣದವರು ಬಣ್ಣದ ಟಿ.ವಿ.ಯಲ್ಲಿ ಆ ಊರನ್ನು ನೋಡಿದರು. ನಾನು ಕಪ್ಪು ಬಿಳುಪಿನಲ್ಲಿ ನೋಡಿದರೂ, ಸ್ವಾಮಿ ಓಡುವ ದಾರಿಯ ಮಣ್ಣು ಎಷ್ಟು ಕೆಂಪು, ಆ ಹೆಂಚಿನ ಮೇಲೆ ಮಳೆಗಾಲದಲ್ಲಿ ಎಂಥ ಪಾಚಿ ಕಟ್ಟುತ್ತದೆ ಎಂದು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ.

ಈಗ ಮುದುಕಿಯ ವಿಷಯ. ಕರೆಂಟು ಹೋಗುವುದು ನಮ್ಮಲ್ಲಿ ನಿತ್ಯದ ಸಂಗತಿಯಾಗಿತ್ತು, ಅದಕ್ಕೆ ಮೇಲಿನ ಮನೆಯ ದೊಡ್ಡಪ್ಪ ಒಂದು ಉಪಾಯ ಮಾಡಿದ್ದರು. ಆ ಟಿ.ವಿ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲೂ ನಡೆಯುತ್ತಿತ್ತು. ಕರೆಂಟು ಹೋದೊಡನೆ ಜೀಪಿನ ಬಾನೆಟ್ಟು ಎತ್ತಿ, ಬ್ಯಾಟರಿ ಬಿಚ್ಚಿ ತಂದು ಜಗಲಿಯ ಮೇಲಿಟ್ಟು, ಎರಡು ತಂತಿಗೆ ಕ್ಲಿಪ್ಪು ಹಚ್ಚಿದರೆ ಚಿತ್ರ ಮತ್ತೆ ಮೂಡುತ್ತಿತ್ತು. ಮರುದಿನ ಬೆಳಿಗ್ಗೆ ಜೀಪು ಶುರುವಾಗದೆ, ಟಿ.ವಿ. ನೋಡಿದ ಮಕ್ಕಳೆಲ್ಲ ಸೇರಿ ಅದನ್ನು ಇಳಿಜಾರಿನವರೆಗೆ ತಳ್ಳಬೇಕು. ಅದು ನಾವು ತೆರುತ್ತಿದ್ದ ಟಿಕೆಟ್ಟು. ಸ್ವಾಮಿ ಹೆಡ್‌ಮಾಸ್ಟರರ ಮೇಲೆ ಸಿಟ್ಟುಗೊಂಡು ಶಾಲೆಯಿಂದ ಓಡಿಹೋಗಿ ಕಾಡಿನಲ್ಲಿ ಸಿಕ್ಕಿಕೊಳ್ಳುತ್ತಾನಲ್ಲ, ಆ ರಾತ್ರಿ ಅವನು ಮರಗಳ ನಡುವೆ ಅಳುತ್ತ ನಡೆಯುವಷ್ಟರಲ್ಲಿ ಕರೆಂಟು ಹೋಯಿತು. ಜೀಪು ದೊಡ್ಡಪ್ಪನ ಜೊತೆ ಕೊಪ್ಪಕ್ಕೆ ಹೋಗಿತ್ತು. ನಾವು ಕತ್ತಲಲ್ಲಿ ಕಪ್ಪು ಪರದೆಯನ್ನೇ ನೋಡುತ್ತ ಬಹಳ ಹೊತ್ತು ಕೂತೆವು, ದೊಡ್ಡಮ್ಮ ಬಾಗಿಲೆಳೆದು ಬಟ್ಟೆ ಹೊದಿಸಿದಳು.

ನನಗೆ ಆಗ ಹತ್ತು ವರ್ಷ, ಹೆಚ್ಚು ಕಡಿಮೆ ಸ್ವಾಮಿಯದೇ ವಯಸ್ಸು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹುಡುಗ ಇನ್ನೂ ಅಲ್ಲಿಯೇ ಇದ್ದಾನೆ ಎಂದು ಅನ್ನಿಸುತ್ತಿತ್ತು, ಅದೂ ಎಲ್ಲೋ ದೂರದ ಕಾಡಿನಲ್ಲಲ್ಲ, ನಮ್ಮ ಆಗುಂಬೆಯ ಕಾಡಿನಲ್ಲಿ, ಕಾಳಿಂಗ ಸರ್ಪದ ನಡುವೆ. ಪಕ್ಕದಲ್ಲಿ ಮಲಗಿದ್ದ ಅಜ್ಜಿಯನ್ನು ಎಬ್ಬಿಸಿ ಮುಂದೇನಾಯಿತು ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ, ಗೊತ್ತಿರುವ ಸಂಭವವೇ ಇರಲಿಲ್ಲ. ನನಗದು ಹೊಳೆಯಲಿಲ್ಲ, ಅಜ್ಜಿಗೆ ತಿಳಿಯದ ಕತೆ ಇರಬಹುದೆಂಬ ಯೋಚನೆ ಆ ವಯಸ್ಸಿನಲ್ಲಿ ಬರುವಂಥದ್ದಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಳತೊಡಗಿದಳು. ಹುಡುಗ ನಡೆದೂ ನಡೆದೂ ಒಂದು ಬೆಳಕು ಕಂಡನಂತೆ. ಅದೊಂದು ಸೋಗೆ ಮನೆಯಂತೆ. ಬಾಗಿಲಲ್ಲಿ ಒಬ್ಬ ಮುದುಕಿ ಕೂತು ಬತ್ತಿ ಹೊಸೆಯುತ್ತಿದ್ದಳಂತೆ. ಯಾರ ಮಗ, ಯಾಕೆ ಬಂದೆ ಎಂದು ಒಂದೂ ಕೇಳದೆ ಒಳಗೆ ಹೋಗಿ ಬೆಲ್ಲ ನೀರು ತಂದುಕೊಟ್ಟಳಂತೆ. ಹುಡುಗ ಕುಡಿದ ಮೇಲೆ, “ಈಗ ಹೇಳು, ಯಾರು ಬೈದರು?” ಎಂದಳಂತೆ.

ಮರುದಿನ ರಾತ್ರಿ ಅಡಿಕೆ ಸುಲಿಯುವಲ್ಲಿ ಅಜ್ಜಿ ಇದನ್ನೇ ಹೆಂಗಸರಿಗೂ ಹೇಳಿದಳು. ಹೇಳುತ್ತ ಹೇಳುತ್ತ ಮುದುಕಿಯ ಮನೆಯ ಹಿಂದೆ ಒಂದು ಹಲಸಿನ ಮರವೂ ಬಂತು. ಯಾರೂ ಅಲ್ಲಗಳೆಯಲಿಲ್ಲ, ಯಾರೂ ನೋಡಿರಲಿಲ್ಲವಲ್ಲ. ನಾರಾಯಣ್ ಅವರ ಕತೆಯಲ್ಲಾದರೋ ಗಾಡಿಯವನೊಬ್ಬನಿಗೆ ಸ್ವಾಮಿ ಎಚ್ಚರ ತಪ್ಪಿ ಬಿದ್ದದ್ದು ಕಾಣುತ್ತದೆ, ಅರಣ್ಯದ ಅಧಿಕಾರಿಯ ಕೈಗೆ ಸೇರಿ ಅವನು ಮನೆ ಮುಟ್ಟುತ್ತಾನೆ, ಕ್ರಿಕೆಟ್ ಪಂದ್ಯ ತಪ್ಪಿಹೋಗಿರುತ್ತದೆ. ಇದು ನನಗೆ ಗೊತ್ತಾದದ್ದು ಪುಸ್ತಕ ಓದಿದ ಮೇಲೆ. ಓದಿದಾಗಲೂ, ಮುದುಕಿಯನ್ನು ಶಂಕರ್ ನಾಗ್ ಸೇರಿಸಿರಬೇಕು, ಚೆನ್ನಾಗಿಯೇ ಸೇರಿಸಿದ್ದಾರೆ ಎಂದುಕೊಂಡೆನೇ ಹೊರತು ಅಜ್ಜಿಯ ಮೇಲೆ ಅನುಮಾನ ಬರಲಿಲ್ಲ.

ನಿನಗೆ ಹೇಳಬೇಕೆಂದಿದ್ದ ಇನ್ನೊಂದು ಸಂಗತಿ ಇದೆ. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಮನೆಗೂ ಟಿ.ವಿ. ಬಂತು, ಆ ಹೊತ್ತಿಗೆ ಕನ್ನಡವೂ ಬಂದಿತ್ತು. ಸದಾನಂದ ಸುವರ್ಣರ ‘ಗುಡ್ಡದ ಭೂತ’ ನೋಡಿ ನಾವು ರಾತ್ರಿ ಹೊರಗೆ ಹೋಗಲು ಹೆದರುತ್ತಿದ್ದೆವು, ಬಿ.ಆರ್. ಛಾಯಾ ಅವರ ದನಿಯಲ್ಲಿ ಅದರ ಶೀರ್ಷಿಕೆ ಗೀತೆ ಶುರುವಾದರೆ ಸಾಕು, ನಿನ್ನ ಚಿಕ್ಕಪ್ಪ ಕಂಬಳಿಯೊಳಗೆ. ಅದರಲ್ಲಿದ್ದ ಪ್ರಕಾಶ್ ರೈ ಆಮೇಲೆ ದೇಶಕ್ಕೆಲ್ಲ ಗೊತ್ತಾದರು. ಟಿ.ಎನ್. ಸೀತಾರಾಮ್ ಮತ್ತು ಗೆಳೆಯರ ‘ಮಾಯಾಮೃಗ’ ಬಂದಾಗ ನಾನು ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ್ದೆ. ಭಾನುವಾರ ಊರಿಗೆ ಬಂದರೆ ಅಜ್ಜಿ, “ನೀನೂ ನೋಡಿದೆಯಲ್ಲ?” ಎನ್ನುತ್ತಿದ್ದಳು. ನಾನು ಹೌದು ಎನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯಿತು. ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಎಲ್ಲರ ಮನೆಯಲ್ಲೂ ಟಿ.ವಿ. ಮಾತಾಡತೊಡಗಿದ ಮೇಲೆ ಅಜ್ಜಿಗೆ ಅರ್ಥ ಹೇಳುವ ಕೆಲಸ ಉಳಿಯಲಿಲ್ಲ. ಅವಳು ಸುಮ್ಮನೆ ಕೂತು ನೋಡುತ್ತಿದ್ದಳು, ಮುಗಿದ ಮೇಲೆ ಎದ್ದು ಹೋಗುತ್ತಿದ್ದಳು. ನಾನು ಇದನ್ನು ಆಗ ಗಮನಿಸಲೇ ಇಲ್ಲ. ಕನ್ನಡದಲ್ಲಿ ಬರುವುದು ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ನೀನು ಚಿಂಟು ಟಿ.ವಿ.ಯಲ್ಲಿ ಡೋರಾ ಕನ್ನಡ ಮಾತಾಡುವುದನ್ನು ಕೇಳಿ ಕುಣಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನಾನೇ. ಆದರೆ 2020ರ ಮಾರ್ಚಿನಲ್ಲಿ, ಎಲ್ಲರೂ ಮನೆಯೊಳಗಿದ್ದಾಗ, ರಾಮಾಯಣವನ್ನು ಮತ್ತೆ ಹಾಕಿದರಲ್ಲ, ಒಂದೇ ದಿನ ಏಳು ಕೋಟಿಗೂ ಹೆಚ್ಚು ಜನ ನೋಡಿದರೆಂದು ಸುದ್ದಿಯಾಯಿತಲ್ಲ, ಆಗ ನಾನು ಎರಡು ವಾರ ನೋಡಿ ನಿಲ್ಲಿಸಿದ್ದು ಯಾಕೆಂದು ನೀನು ಕೇಳಿದ್ದೆ. ತೀರ ನಿಧಾನ, ಬೇಸರ ಬಂತು ಎಂದಿದ್ದೆ. ನನ್ನ ನೆನಪಿನಲ್ಲಿದ್ದ ಕೈಕೇಯಿ ಅಲ್ಲಿರಲಿಲ್ಲ. ನನಗೆ ಗೊತ್ತಿದ್ದ ಕೈಕೇಯಿ ಅಜ್ಜಿಯ ಬಾಯಲ್ಲಿ ಮಾತಾಡಿದವಳು.

ನೀನು ರಜೆಗೆ ಬಂದಾಗ ಅರಸಾಳಿಗೆ ಹೋಗೋಣ. ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಂಡದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಆ ಸಣ್ಣ ನಿಲ್ದಾಣ. 2020ರಲ್ಲಿ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ, ಅದಕ್ಕೂ ಜಾನ್ ದೇವರಾಜ್ ಅವರೇ ಕೈ ಹಾಕಿದ್ದಾರೆ. ಅಲ್ಲಿಂದ ಆಗುಂಬೆಗೂ ಹೋಗಿ ಬರಬಹುದು. ನಿನ್ನ ಅಮ್ಮ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದಾಳೆ, ಡಬ್ಬಿ ತಲುಪಿದ ಮೇಲೆ ತಿಳಿಸು.

ನೀನು ಫೋನು ಇಡುವ ಮೊದಲು, ಮುದುಕಿ ನೀರು ಕೊಟ್ಟದ್ದು ಯಾವುದರಲ್ಲಿ, ಸ್ಟೀಲಿನ ಲೋಟದಲ್ಲೋ ಗಾಜಿನದರಲ್ಲೋ ಎಂದೂ ಕೇಳಿದ್ದೆ, ಸಣ್ಣವಳಿದ್ದಾಗಲೂ ಕೇಳುತ್ತಿದ್ದೆ. ಹಿತ್ತಾಳೆಯ ಚೊಂಬಿನಲ್ಲಿ. ಬೆಲ್ಲ ಬೇರೆ, ಬಾಳೆಲೆಯ ಚೂರಿನ ಮೇಲೆ. ಚೊಂಬಿನ ಅಂಚು ಒಂದು ಕಡೆ ಸ್ವಲ್ಪ ನೆಗ್ಗಿತ್ತು ಎಂದು ಅಜ್ಜಿ ಹೇಳಿದ್ದಳು. ಆ ಚೊಂಬು ನಮ್ಮ ದೇವರ ಕೋಣೆಯಲ್ಲಿ ಈಗಲೂ ಇದೆ.

ಇಂತಿ,
ನಿನ್ನ ಅಪ್ಪ